ಬಾಣ ಬಿಟ್ಟ ಮೇಲೆ

ಬಿಲ್ಲುಬೇಟೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಅಮರ ಚಿತ್ರ ಕಥೆಯ ಅರ್ಜುನ. ಹೆದೆ ಕಿವಿಯವರೆಗೆ ಎಳೆದಿದ್ದಾನೆ, ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಇನ್ನೊಂದು, ಇನ್‌ಸ್ಟಾಗ್ರಾಮಿನ ಅಮೆರಿಕನ್. ಎಲೆ ಬಣ್ಣದ ಪ್ಯಾಂಟು ಜಾಕೆಟ್ಟು, ಮುಂದೆ ಸತ್ತು ಬಿದ್ದಿರುವ ಜಿಂಕೆಯ ಕೊಂಬು ಹಿಡಿದು ಮೂವತ್ತೆರಡೂ ಹಲ್ಲು ತೋರಿಸುತ್ತಿದ್ದಾನೆ. ಮೊದಲನೆಯವನಿಗೆ ಕೈ ಮುಗಿಯುತ್ತೇವೆ, ಎರಡನೆಯವನಿಗೆ ಥೂ ಅನ್ನುತ್ತೇವೆ. ಎರಡೂ ಚಿತ್ರದಲ್ಲಿ ಒಂದು ಸಂಗತಿ ಕಾಣೆಯಾಗಿದೆ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ. ಬಾಣ ಬಿಟ್ಟ ಗಳಿಗೆಗೂ ಪ್ರಾಣಿ ಕೈಗೆ ಸಿಕ್ಕ ಗಳಿಗೆಗೂ ನಡುವೆ ಇರುವ ಹೊತ್ತು. ಅದು ಇಪ್ಪತ್ತು ನಿಮಿಷ ಇರಬಹುದು, ಒಂದು ಇಡೀ ರಾತ್ರಿ ಇರಬಹುದು, ಕೊನೆಗೆ ಏನೂ ಸಿಗದೆಯೂ ಹೋಗಬಹುದು.

ನನ್ನ ತಕರಾರು ಈ ಕಾಣೆಯಾದ ಹೊತ್ತಿನ ಬಗ್ಗೆ. ಬೇಟೆಯ ವಿದ್ಯೆ ಅಂತ ಒಂದು ಇದ್ದರೆ ಅದರ ಮುಕ್ಕಾಲು ಪಾಲು ಇರುವುದು ಅಲ್ಲಿ. ಗುರಿ ಇಡೋದನ್ನ ಯಾರು ಬೇಕಾದರೂ ಆರು ತಿಂಗಳಲ್ಲಿ ಕಲೀತಾರೆ. ಗಾಯವಾಗಿ ಓಡಿಹೋದದ್ದನ್ನು ಹುಡುಕಿ ತಲುಪೋದಕ್ಕೆ ಅರ್ಧ ಆಯುಸ್ಸು ಬೇಕು. ಆ ಅರ್ಧ ಆಯುಸ್ಸಿನ ವಿದ್ಯೆಯನ್ನ ಅಮೆರಿಕದ ಬೇಟೆ ಮಾರುಕಟ್ಟೆ ಎಡಿಟ್ ಮಾಡಿ ತೆಗೆದುಹಾಕುತ್ತಿದೆ. ನಾವು ಬೆಂಗಳೂರಿನವರು ಅದನ್ನು ಕ್ರೌರ್ಯ ಅಂತ ಹಣೆಪಟ್ಟಿ ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದೇವೆ. ಇಬ್ಬರ ಮೇಲೂ ನನಗೆ ಸಿಟ್ಟಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಗಾರನಲ್ಲ. ನಾನು ಬಿಲ್ಲು ಹಿಡಿದಿರುವುದು ಟೀಮ್ ಔಟಿಂಗಿನಲ್ಲಿ, ರೆಸಾರ್ಟಿನವರು ಕೊಟ್ಟ ಬಿಲ್ಲು, ಹುಲ್ಲಿನ ಬೋರ್ಡಿಗೆ. ಆದರೆ ಕೆಲಸದ ಮೇಲೆ ಮೂರು ವರ್ಷ ವಿಸ್ಕಾನ್ಸಿನ್‌ನಲ್ಲಿದ್ದೆ. ಅಮೆರಿಕದಲ್ಲಿ ಬಿಲ್ಲಿಗೆ ಅಂತಲೇ ಪ್ರತ್ಯೇಕ ಬೇಟೆಯ ಸೀಸನ್ ಶುರುಮಾಡಿದ ರಾಜ್ಯ ಅದು, 1934ರಲ್ಲಿ. ಅಲ್ಲಿ ಸೆಪ್ಟೆಂಬರ್ ಬಂತೆಂದರೆ ಆಫೀಸಿನ ಅರ್ಧ ಜನ ಮರದ ಮೇಲಿರುತ್ತಾರೆ. ನನ್ನ ಟೀಮಿನಲ್ಲಿ ಒಬ್ಬ ಹಿರಿಯ ಡೇಟಾಬೇಸ್ ಅಡ್ಮಿನ್ ಇದ್ದ. ಅವನ ಹಿಂದೆ ಅಲೆದಾಡಿ ನೋಡಿದ್ದು, ಆಮೇಲೆ ಓದಿಕೊಂಡಿದ್ದು, ಇಷ್ಟೇ ನನ್ನ ಅರ್ಹತೆ.

ಗುಂಡು ಬೇರೆ, ಬಾಣ ಬೇರೆ. ಗುಂಡಿಗೆ ಹೊಡೆತದ ಬಲವಿದೆ. ಬಾಣಕ್ಕೆ ಆ ಬಲ ಇಲ್ಲ, ಅದು ಕೊಯ್ಯುತ್ತದೆ. ತುದಿಯಲ್ಲಿ ಬ್ಲೇಡಿನಂಥ ಅಲಗು ಇರುತ್ತದಲ್ಲ, ಅದು ಒಳಗಿನ ರಕ್ತನಾಳಗಳನ್ನು ಕತ್ತರಿಸುತ್ತ ಹೋಗುತ್ತದೆ, ಎಷ್ಟೋ ಸಲ ಆಚೆ ಕಡೆಯಿಂದ ಹೊರಬಿದ್ದು ನೆಲಕ್ಕೆ ನಾಟಿಕೊಳ್ಳುತ್ತದೆ. ರಕ್ತ ಹರಿದು ಹೋಗಿ ಪ್ರಾಣಿ ಸಾಯುತ್ತದೆ. ಎರಡೂ ಶ್ವಾಸಕೋಶ ಕೊಯ್ದರೆ ಸೆಕೆಂಡುಗಳ ಲೆಕ್ಕ, ಜಿಂಕೆ ನೂರು ಮೀಟರ್ ಆಸುಪಾಸಿನಲ್ಲಿ ಬಿದ್ದಿರುತ್ತದೆ. ಒಂದು ಗೇಣು ಹಿಂದೆ ಬಿದ್ದರೆ ಗಂಟೆಗಳ ಲೆಕ್ಕ. ಅಂದರೆ ಬಾಣ ತಗುಲಿದ ಪ್ರಾಣಿ ಹೆಚ್ಚು ಕಡಿಮೆ ಯಾವಾಗಲೂ ಓಡಿಹೋಗುತ್ತದೆ. ಬಿಲ್ಲುಬೇಟೆಯಲ್ಲಿ ಹುಡುಕಾಟ ಅನ್ನುವುದು ಅಪರೂಪಕ್ಕೆ ಬಂದೊದಗುವ ತೊಂದರೆಯಲ್ಲ, ಅದೇ ಕೆಲಸ.

ಆ ಹಿರಿಯ ನನಗೆ ಹೇಳಿಕೊಟ್ಟ ಮೊದಲ ಪಾಠ, ಬಾಣ ಬಿಟ್ಟ ಮೇಲೆ ಏನೂ ಮಾಡಬೇಡ. ಕೂತಲ್ಲೇ ಕೂತಿರು. ಜಿಂಕೆ ನಿಂತಿದ್ದ ಜಾಗಕ್ಕೆ ಒಂದು ಗುರುತು ಇಟ್ಟುಕೋ, ಯಾವುದೋ ಒಂದು ಪೊದೆ ಅಂತಲ್ಲ, ಇಂಥದೇ ಪೊದೆ. ಕೊನೆಗೆ ಕಂಡದ್ದು ಎಲ್ಲಿ, ಕೊನೆಗೆ ಸದ್ದು ಕೇಳಿದ್ದು ಎಲ್ಲಿ, ಹೇಗೆ ಓಡಿತು. ಹಿಂಗಾಲು ಝಾಡಿಸಿ ಒದ್ದು ಓಡಿದರೆ ಎದೆಗೆ ಬಿದ್ದಿರಬಹುದು. ಬೆನ್ನು ಗೂನು ಮಾಡಿಕೊಂಡು ಮೆಲ್ಲಗೆ ನಡೆದು ಹೋದರೆ ಹೊಟ್ಟೆಗೆ ಬಿದ್ದಿದೆ, ಅದು ಕೆಟ್ಟ ಸುದ್ದಿ. ಆಮೇಲೆ ಇಳಿದು ಬಾಣ ಹುಡುಕು. ಬಾಣ ಸಿಕ್ಕರೆ ಅದೇ ಲ್ಯಾಬ್ ರಿಪೋರ್ಟು. ತಿಳಿ ಕೆಂಪು, ಸಣ್ಣ ಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶ. ಕಪ್ಪಿಗೆ ತಿರುಗಿದ ಗಾಢ ಕೆಂಪಾದರೆ ಯಕೃತ್ತು. ಹಸಿರುಕಂದು ಗಲೀಜು ಅಂಟಿ ನಾತ ಹೊಡೆಯುತ್ತಿದ್ದರೆ ಜಠರ ಅಥವಾ ಕರುಳು. ಕೆಂಪಗಿದ್ದು ಗುಳ್ಳೆ ಇಲ್ಲದೆ, ಮೊದಲು ಧಾರಾಳ ಬಿದ್ದು ಆಮೇಲೆ ಬತ್ತುತ್ತ ಹೋದರೆ ಬರೀ ಮಾಂಸಖಂಡ, ಆ ಜಿಂಕೆ ಬದುಕಿಕೊಂಡರೂ ಬದುಕಿಕೊಂಡೀತು. ನೆಲಕ್ಕೆ ಉದುರಿದ ಕೂದಲನ್ನೂ ನೋಡಬೇಕು. ಹೊಟ್ಟೆಯ ಅಡಿಯ ಕೂದಲು ಬಿಳಿ, ಬೆನ್ನಿನದು ಕಂದು.

ಮತ್ತೆ ಕಾಯುವುದು. ಶ್ವಾಸಕೋಶಕ್ಕೆ ಅರ್ಧ ಗಂಟೆ, ಯಕೃತ್ತಿಗೆ ನಾಲ್ಕರಿಂದ ಆರು ಗಂಟೆ, ಹೊಟ್ಟೆಗೆ ಎಂಟರಿಂದ ಹನ್ನೆರಡು. ಇದು ನಮ್ಮಂಥವರಿಗೆ ಅರ್ಥವಾಗದ ಭಾಗ. ನೋವಿನಲ್ಲಿರುವ ಪ್ರಾಣಿಯನ್ನ ಕಾಯಿಸೋದಾ, ಓಡಿಹೋಗಿ ಬೇಗ ಮುಗಿಸಬಾರದಾ? ಬಾರದು. ಗಾಯಗೊಂಡ ಜಿಂಕೆ ತನ್ನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ ಅನ್ನಿಸಿದರೆ ಹತ್ತಿರದಲ್ಲೇ ಮಲಗಿಬಿಡುತ್ತದೆ, ಅಲ್ಲೇ ಸಾಯುತ್ತದೆ. ಆತುರದಲ್ಲಿ ಹೋಗಿ ಎಬ್ಬಿಸಿದರೆ ಮತ್ತೆ ಕಿಲೋಮೀಟರ್‌ಗಟ್ಟಲೆ ಓಡುತ್ತದೆ, ರಕ್ತವೂ ಬೀಳದ ಜಾಗಕ್ಕೆ ಹೋಗಿ ಎರಡು ದಿನ ನರಳುತ್ತದೆ. ನಮ್ಮ ಕನಿಕರದ ಆತುರ ಅದಕ್ಕೆ ಇನ್ನೂ ದೊಡ್ಡ ಹಿಂಸೆ.

ಒಂದು ಅಕ್ಟೋಬರಿನ ಸಂಜೆ ಅವನು ಬಿಟ್ಟ ಬಾಣ ಒಂದು ಗೇಣು ಹಿಂದೆ ಬಿತ್ತು. ರಕ್ತ ಜಾಸ್ತಿ ಹಣ್ಣಾದ ನೇರಳೆಯ ಬಣ್ಣ. ಅವನು ಬಾಣವನ್ನು ಮೂಸಿ ನೋಡಿ, ಏನೂ ಮಾತಾಡದೆ, ಮನೆಗೆ ಹೋಗಿ ಊಟ ಮಾಡಿ ಬರೋಣ ಅಂದ. ಐದೂವರೆಗೆ ಬಿಟ್ಟ ಬಾಣ, ರಾತ್ರಿ ಹತ್ತೂವರೆಗೆ ವಾಪಸ್ ಹೋದೆವು. ಅವನ ಬ್ಯಾಗಿನಲ್ಲಿ ಹೆಡ್‌ಲ್ಯಾಂಪ್, ಟಾಯ್ಲೆಟ್ ಪೇಪರಿನ ಸುರುಳಿ, ಹೈಡ್ರೋಜನ್ ಪೆರಾಕ್ಸೈಡಿನ ಸ್ಪ್ರೇ ಬಾಟಲಿ. ಕೆಂಪು ಎಲೆಯ ಮೇಲಿನ ಕೆಂಪು ಚುಕ್ಕೆ ರಕ್ತವೋ ಎಲೆಯದೇ ಬಣ್ಣವೋ ತಿಳಿಯದಿದ್ದಾಗ ಪೆರಾಕ್ಸೈಡ್ ಚಿಮುಕಿಸಿದರೆ ರಕ್ತ ಮಾತ್ರ ಬಿಳಿ ನೊರೆ ಬಿಡುತ್ತದೆ. ಪ್ರತಿ ಚುಕ್ಕೆ ಸಿಕ್ಕಲ್ಲಿ ಒಂದು ತುಂಡು ಪೇಪರ್ ಗಿಡಕ್ಕೆ ಸಿಕ್ಕಿಸುತ್ತಿದ್ದ. ಚುಕ್ಕೆ ತಪ್ಪಿಹೋದಾಗ ಹಿಂದಿರುಗಿ ನೋಡುತ್ತಿದ್ದ, ಕತ್ತಲಲ್ಲಿ ಆ ಬಿಳಿ ತುಂಡುಗಳ ಸಾಲು ಜಿಂಕೆ ಯಾವ ಕಡೆ ಬಾಗಿಕೊಂಡು ಹೋಗುತ್ತಿದೆ ಅಂತ ತೋರಿಸುತ್ತಿತ್ತು. ನನಗೆ ಹೇಳಿದ್ದು ಒಂದೇ, ಜಾಡಿನ ಮೇಲೆ ಕಾಲಿಡಬೇಡ, ಪಕ್ಕದಲ್ಲಿ ನಡಿ. ಮೂರೂವರೆ ಗಂಟೆಯಲ್ಲಿ ನಾವು ಹೋದದ್ದು ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಒಂದು ಸಣ್ಣ ತೊರೆಯ ದಡದಲ್ಲಿ ಚುಕ್ಕೆ ನಿಂತುಹೋಯಿತು. ಆಚೆ ದಡದಲ್ಲಿ ಮಂಡಿಯೂರಿ ಹುಡುಕಿದ, ಸಿಗಲಿಲ್ಲ. ಮರುದಿನ ರಜೆ ಹಾಕಿ ಮತ್ತೆ ಹೋದ. ಅದರ ಮರುದಿನ ಕಾಗೆ ಎಲ್ಲಾದರೂ ಸುತ್ತುತ್ತಿವೆಯಾ ಅಂತ ನೋಡಲು ಹೋದ. ಆ ಜಿಂಕೆ ಸತ್ತಿದೆ ಅನ್ನುವುದರಲ್ಲಿ ಅವನಿಗೆ ಅನುಮಾನ ಇರಲಿಲ್ಲ.

ಆ ವರ್ಷ ಅವನು ಬಿಲ್ಲನ್ನು ಮತ್ತೆ ಹೊರಗೆ ತೆಗೆಯಲಿಲ್ಲ. ಅವನ ಪರ್ಮಿಟ್ ಇನ್ನೂ ಖಾಲಿ ಇತ್ತು, ಕಾನೂನು ಅಡ್ಡ ಬರುತ್ತಿರಲಿಲ್ಲ. ಅಮೆರಿಕದ ಹಲವು ರಾಜ್ಯಗಳ ಕಾನೂನು ಕೇಳುವುದು, ಹುಡುಕಲು ತಕ್ಕಷ್ಟು ಪ್ರಯತ್ನ ಮಾಡಿದಿರಾ ಅಂತ ಮಾತ್ರ. ಅವನ ಲೆಕ್ಕದಲ್ಲಿ ಆ ವರ್ಷದ ಜಿಂಕೆ ಮುಗಿದಿತ್ತು, ಸಿಕ್ಕಿದರೂ ಅಷ್ಟೇ ಸಿಗದಿದ್ದರೂ ಅಷ್ಟೇ. ಆಫ್ರಿಕಾದ ದುಡ್ಡಿನ ಬೇಟೆಯಲ್ಲೂ ಈ ಲೆಕ್ಕ ಇದೆಯಂತೆ ಅಂತ ಅಂದುಕೊಂಡಿದ್ದೆ, ನಿಜವಾಗಿಯೂ ಇದೆ. ದಕ್ಷಿಣ ಆಫ್ರಿಕಾ, ನಮೀಬಿಯಾಗಳಲ್ಲಿ ಪ್ರಾಣಿಗೆ ಗಾಯ ಮಾಡಿದರೆ ಸಿಗದಿದ್ದರೂ ಪೂರ್ತಿ ದುಡ್ಡು ಕಟ್ಟಬೇಕು. ಅಲ್ಲಿ ಅದು ಕರಾರು. ಇವನಿಗೆ ಯಾರೂ ಕರಾರು ಬರೆದುಕೊಟ್ಟಿರಲಿಲ್ಲ.

ಈಗ ರೀಲ್ಸ್ ನೋಡಿ. ಬಾಣ ಬಿಡುವುದು ಸ್ಲೋ ಮೋಷನ್, ತಕ್ಷಣ ಕಟ್, ಕೊಂಬು ಹಿಡಿದ ನಗು. ನಡುವಿನ ಆರು ಗಂಟೆ ಎಲ್ಲಿ ಹೋಯಿತು? ಸಿಗದೆ ಹೋದ ಜಿಂಕೆಯ ರೀಲ್ ಎಲ್ಲಿದೆ? ಮೇರಿಲ್ಯಾಂಡಿನ ಒಂದು ನೌಕಾ ನೆಲೆಯಲ್ಲಿ, ಪರೀಕ್ಷೆ ಪಾಸಾದ ಬಿಲ್ಲುಗಾರರು ಹಲವು ವರ್ಷ ಹೊಡೆದ ಜಿಂಕೆಗಳ ಲೆಕ್ಕ ಇಟ್ಟು 2008ರಲ್ಲಿ ಪ್ರಕಟಿಸಿದರು. ಬಾಣ ತಗುಲಿದವುಗಳಲ್ಲಿ ನೂರಕ್ಕೆ ಸುಮಾರು 18 ಸಿಗಲೇ ಇಲ್ಲ. ಇವರು ಆಯ್ದು ತೆಗೆದ ಜನ, ನೆನಪಿರಲಿ. ಬ್ರಿಟನ್ನಿನಲ್ಲಿ ಬಿಲ್ಲುಬೇಟೆ ನಿಷಿದ್ಧ. ಜರ್ಮನಿಯಲ್ಲಿ ಜಿಂಕೆ, ಹಂದಿಗಳಿಗೆ ಬಾಣ ಬಿಡುವ ಹಾಗಿಲ್ಲ, ಕೋವಿಯಿಂದ ಹೊಡೆದರೂ ಗಾಯಗೊಂಡದ್ದನ್ನು ಹುಡುಕಲು ಪಳಗಿಸಿದ ನಾಯಿಗಳದೇ ಒಂದು ಪರಂಪರೆ ಅಲ್ಲಿದೆ. ನಾನು ಈ ಎರಡು ದೇಶಗಳ ಪಕ್ಷ ಅಂತ ಹೇಳುತ್ತಿಲ್ಲ. ಆದರೆ ಆ 18ನ್ನು ಮುಚ್ಚಿಟ್ಟು ಬಿಲ್ಲು ಮಾರುವವರ ಪಕ್ಷ ಖಂಡಿತ ಅಲ್ಲ.

ಅವರು ಮಾರುತ್ತಿರುವುದು ದೂರವನ್ನ. ಲೇಸರ್ ರೇಂಜ್‌ಫೈಂಡರ್, ಕಾರ್ಬನ್ ಬಾಣ, ಎಪ್ಪತ್ತು ಗಜ, ನೂರು ಗಜ. ನಮ್ಮ ಕಸುಬಿನವರಿಗೆ ಇದನ್ನು ಲೇಟೆನ್ಸಿ ಭಾಷೆಯಲ್ಲಿ ಹೇಳಬಹುದು. ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಹತ್ತಿರ ಹತ್ತಿರ 90 ಮೀಟರ್ ಹೋಗುತ್ತದೆ. ಶಬ್ದ ಹೋಗುವುದು 340 ಮೀಟರ್. ಅಂದರೆ ಹೆದೆಯ ಟಕ್ ಅನ್ನುವ ಸದ್ದು ಯಾವಾಗಲೂ ಬಾಣಕ್ಕಿಂತ ಮೊದಲು ಜಿಂಕೆಯ ಕಿವಿಗೆ ಬೀಳುತ್ತದೆ. ಇಪ್ಪತ್ತು ಮೀಟರಿನಲ್ಲಿ ಜಿಂಕೆಗೆ ಸಿಗುವ ಸಮಯ ಏನೇನೂ ಸಾಲದು. ಎಪ್ಪತ್ತು ಮೀಟರಿನಲ್ಲಿ ಅರ್ಧ ಸೆಕೆಂಡಿಗಿಂತ ಜಾಸ್ತಿ ಸಿಗುತ್ತದೆ, ಅಷ್ಟರಲ್ಲಿ ಅದು ಜಿಗಿಯಲು ಮೈ ಕುಗ್ಗಿಸಿರುತ್ತದೆ, ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೋ ಕರುಳಿಗೋ ಹೋಗಿರುತ್ತದೆ. ಬಿಲ್ಲುಗಾರ ಎಷ್ಟು ನಿಪುಣ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹುಲ್ಲಿನ ಬೋರ್ಡು ಅಲ್ಲಾಡುವುದಿಲ್ಲ, ಜಿಂಕೆ ಅಲ್ಲಾಡುತ್ತೆ. ನನ್ನ ಹಿರಿಯ ಸಹೋದ್ಯೋಗಿ ಇಪ್ಪತ್ತೈದು ಗಜದ ಆಚೆ ಬಾಣ ಬಿಡುತ್ತಿರಲಿಲ್ಲ. ಮೂರು ವರ್ಷದಲ್ಲಿ ಅವನು ಬಿಟ್ಟ ಬಾಣಕ್ಕಿಂತ ಬಿಡದೆ ಉಳಿಸಿದ ಬಾಣವೇ ಹೆಚ್ಚು.

ನಮ್ಮ ಹಳೆಯ ಕಥೆಗಳಿಗೆ ಇದು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ದಶರಥ ಕತ್ತಲಲ್ಲಿ ನೀರಿನ ಸದ್ದಿಗೆ ಬಾಣ ಬಿಟ್ಟ, ಆನೆ ನೀರು ಕುಡೀತಿದೆ ಅಂದುಕೊಂಡು. ಶಬ್ದವೇಧಿ ಅಂತ ಅದನ್ನ ದೊಡ್ಡ ವಿದ್ಯೆ ಅಂತ ಹೊಗಳುತ್ತೇವೆ. ಕಾಣದ್ದಕ್ಕೆ ಬಾಣ ಬಿಡಬಾರದು ಅನ್ನುವುದು ಬೇಟೆಯ ಮೊದಲ ಪಾಠ, ಅಷ್ಟು ಗೊತ್ತಿಲ್ಲದ ರಾಜ. ಆದರೆ ಒಂದು ಮಾತು ಅವನ ಪರವಾಗಿ ಹೇಳಬೇಕು. ಅವನು ಬಾಣದ ಹಿಂದೆ ನಡೆದುಕೊಂಡು ಹೋದ. ಶ್ರವಣನನ್ನು ನೋಡಿದ, ಅವನ ಮಾತು ಕೇಳಿದ, ನೀರು ತೆಗೆದುಕೊಂಡು ಆ ಕುರುಡು ಅಪ್ಪ ಅಮ್ಮನ ಹತ್ತಿರ ಹೋಗಿ ನಿಂತ. ಕೃಷ್ಣನ ಪಾದವನ್ನು ಜಿಂಕೆ ಅಂತ ತಿಳಿದು ಹೊಡೆದ ಜರ ಅನ್ನುವ ಬೇಡನೂ ಹೋಗಿ ನೋಡಿದ. ತಿರುಗಿ ನೋಡದೆ ಮನೆಗೆ ಹೋಗಿದ್ದರೆ ಇಬ್ಬರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ತಿರುಗಿ ನೋಡದೆ ಮನೆಗೆ ಹೋದವರಿಂದ ಏನಾಗುತ್ತೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್ ಓದಿ ಬೆಳೆದವರು ನಾವು, ಜಿಮ್ ಕಾರ್ಬೆಟ್ ಓದಿದವರೂ ಇದ್ದೀರಿ. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಅಂತ ಲೆಕ್ಕ. ಹತ್ತಿರ ಹೋಗಿ ನೋಡಿದರೆ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು, ಯಾವನದೋ ಹಳೆಯ ಗುಂಡಿನೇಟಿಗೆ. ಹುಲಿ ನರಭಕ್ಷಕ ಆಗುವುದಕ್ಕೆ ಕಾರ್ಬೆಟ್ ಕೊಡುವ ಕಾರಣಗಳಲ್ಲಿ ಇದೂ ಒಂದು: ಅಜಾಗರೂಕತೆಯಿಂದ ಹೊಡೆದು, ಗಾಯವಾದದ್ದನ್ನು ಬೆನ್ನು ಹತ್ತಿ ಹುಡುಕದೆ ಬಿಟ್ಟುಬಿಡುವುದು. ಆ ಯಾವನೋ ಒಬ್ಬ ಅರ್ಧ ದಿನ ನಡೆಯಲು ಸೋಮಾರಿತನ ಮಾಡಿದ. ಅದಕ್ಕೆ ಬೆಲೆ ಕೊಟ್ಟವರು ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹೆಂಗಸರು.

ಸರಿ, ಈಗ ನಮ್ಮ ಸರದಿ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಕಥೆಯನ್ನ ನಾನು ಯಾರಿಗೆ ಹೇಳಿದರೂ ಒಂದೇ ಪ್ರತಿಕ್ರಿಯೆ. ಅಯ್ಯೋ, ಎಷ್ಟು ಕ್ರೂರ ಮಾರಾಯ! ಹೇಳುವವರಲ್ಲಿ ಸಸ್ಯಾಹಾರಿಗಳಿದ್ದಾರೆ, ಅವರ ಜೊತೆ ನನ್ನ ಜಗಳ ಇಲ್ಲ. ಆದರೆ ಬಿರಿಯಾನಿ ಪಾರ್ಸಲ್ ಬಿಚ್ಚುತ್ತಾ ಹೇಳುವವರೂ ಇದ್ದಾರಲ್ಲ, ಅವರು ತಿನ್ನುತ್ತಿರುವ ಕೋಳಿ ಯಾವ ಊರಿನದು, ಎಷ್ಟು ದಿನ ಬದುಕಿತ್ತು, ಲಾರಿಯಲ್ಲಿ ತಲೆಕೆಳಗಾಗಿ ಎಷ್ಟು ಹೊತ್ತು ಇತ್ತು ಅಂತ ಒಂದು ಸಲವಾದರೂ ಬೆನ್ನು ಹತ್ತಿ ಹೋಗಿದ್ದಾರಾ? ಆ್ಯಪಿನಲ್ಲಿ ಡೆಲಿವರಿ ಹುಡುಗನನ್ನು ಟ್ರ್ಯಾಕ್ ಮಾಡುತ್ತಾರೆ, ಅದೂ ಸಿಗ್ನಲ್ ಸಿಗ್ನಲ್‌ಗೂ.

ಕೋಳಿಯ ವಿಷಯ ಬಿಡಿ, ಅದು ಹಳೇ ವಾದ. ನನಗೆ ಹೊಟ್ಟೆ ಉರಿಯುವುದು ಕಾರಿನ ವಿಷಯಕ್ಕೆ. ಶುಕ್ರವಾರ ರಾತ್ರಿ ಲಾಗೌಟ್ ಆಗಿ ಸಕಲೇಶಪುರ, ಕೊಡಗು, ಚಿಕ್ಕಮಗಳೂರು, ದಾಂಡೇಲಿ ಅಂತ ಹೊರಡುವವರು ನಾವೇ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆ ನಿಷೇಧದ ವಿರುದ್ಧ ಇವತ್ತಿಗೂ ಗೊಣಗುವವರಲ್ಲಿ ನಮ್ಮವರೂ ಇದ್ದಾರೆ, ವಯನಾಡಿಗೆ ತಡವಾಗುತ್ತೆ ಅಂತ. ನಿಷೇಧ ಇಲ್ಲದ ನೂರಾರು ಕಾಡುರಸ್ತೆಗಳಲ್ಲಿ ಏನಾಗುತ್ತೆ? ದೀಪದ ಬೆಳಕಿಗೆ ಏನೋ ಅಡ್ಡ ಬಂತು, ಧಡ್ ಅಂತು, ಅದು ಎದ್ದು ಕತ್ತಲಿಗೆ ಹೋಯಿತು. ಗಾಡಿ ನಿಲ್ಲುತ್ತದೆ. ಫೋನಿನ ಟಾರ್ಚು ಹೊತ್ತಿಕೊಳ್ಳುತ್ತದೆ. ಎಲ್ಲರೂ ಬಗ್ಗಿ ನೋಡುವುದು ಬಂಪರನ್ನ. ಸದ್ಯ, ರೇಡಿಯೇಟರಿಗೆ ಏನೂ ಆಗಿಲ್ಲ. ಎದ್ದು ಓಡಿತಲ್ವಾ, ಏನೂ ಆಗಿರಲ್ಲ ಬಿಡು.

ಎದ್ದು ಓಡಿತು ಅನ್ನುವುದು ಸಮಾಧಾನದ ಮಾತು ಅಂತ ಅಂದುಕೊಂಡಿದ್ದೇವೆ. ಬಾಣ ತಗುಲಿದ ಜಿಂಕೆಯೂ ಎದ್ದೇ ಓಡುತ್ತದೆ ಸ್ವಾಮಿ. ಯಕೃತ್ತು ಒಡೆದ ಕಡವೆ ನಾಲ್ಕು ಗಂಟೆ ಬದುಕಿರುತ್ತದೆ, ಸೊಂಟ ಮುರಿದದ್ದು ನಾಲ್ಕು ದಿನ. ವಿಸ್ಕಾನ್ಸಿನ್‌ನ ಬೇಟೆಗಾರ ಕೊಲ್ಲಬೇಕೆಂದೇ ಹೋದವನು, ಆದರೂ ಮೂರು ದಿನ ಹುಡುಕಿದ. ಪ್ರಾಣಿಪ್ರಿಯರಾದ ನಾವು ಮೂರು ನಿಮಿಷದಲ್ಲಿ ಹಾಡು ಮತ್ತೆ ಹಚ್ಚುತ್ತೇವೆ. ಇವರಲ್ಲಿ ಕ್ರೂರಿ ಯಾರು ಅಂತ ನೀವೇ ಹೇಳಿ.

ನಾವು ಹುಡುಕಬೇಕು ಅಂತಿದ್ದರೂ ನಮ್ಮ ಕೈಲಿ ಆಗುವುದಿಲ್ಲ ಅನ್ನುವುದೂ ನಿಜ. ರಾತ್ರಿ ಕಾಡಿನೊಳಕ್ಕೆ ಇಳಿಯುವುದು ಅಪಾಯ, ಕಾನೂನಿಗೂ ವಿರುದ್ಧ. ಹಾಗಾದರೆ ಯಾರ ಕೈಲಿ ಆಗುತ್ತೆ? ನಮ್ಮ ರಾಜ್ಯದಲ್ಲಿ ಆ ವಿದ್ಯೆ ಇರುವುದು ಹಾಡಿ, ಪೋಡುಗಳಲ್ಲಿ. ಜೇನುಕುರುಬರು, ಕಾಡುಕುರುಬರು, ಸೋಲಿಗರು. ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು ಬೆಳಗ್ಗೆ ಒಬ್ಬ ಸೋಲಿಗ ವಾಚರ್ ಜೊತೆ ನಡೆಯುತ್ತಿದ್ದೆ. ದಾರಿಯಲ್ಲಿ ಅವರು ಒಂದು ಕ್ಷಣ ನಿಂತು ನೆಲ ನೋಡಿ, ಕಡವೆ, ಹೆಣ್ಣು, ಬೆಳಗಿನ ಜಾವ ಹೋಗಿದೆ, ಹೆದರಿಕೊಂಡಿಲ್ಲ ಅಂದರು. ಹೇಗೆ ಗೊತ್ತಾಯ್ತು ಅಂದೆ. ಹೆಜ್ಜೆಯ ಅಂಚಿನ ಮಣ್ಣು ಇನ್ನೂ ಉದುರಿಲ್ಲ, ಅದರ ಮೇಲೆ ಇಬ್ಬನಿ ಬಿದ್ದ ಗುರುತಿಲ್ಲ, ಗೊರಸು ಬಿಡಿಸಿಕೊಂಡಿಲ್ಲ, ಓಡಿದ್ದರೆ ಬಿಡಿಸಿಕೊಳ್ಳುತ್ತಿತ್ತು. ಎರಡು ಪೊದೆಗಳ ನಡುವೆ ಜೇಡ ನೇಯ್ದ ಬಲೆ ಹರಿದಿದ್ದನ್ನೂ ತೋರಿಸಿದರು. ನಾನು ಅಲ್ಲಿ ನೋಡಿದ್ದು ಬರೀ ಮಣ್ಣು.

ಲೂಯಿ ಲೀಬೆನ್‌ಬರ್ಗ್ ಅಂತ ದಕ್ಷಿಣ ಆಫ್ರಿಕಾದ ಒಬ್ಬರು 1990ರಲ್ಲಿ ಒಂದು ಪುಸ್ತಕ ಬರೆದರು. ಕಲಹಾರಿಯ ಸ್ಯಾನ್ ಜನರ ಜೊತೆ ಅಲೆದು ಬರೆದದ್ದು. ಸ್ಯಾನ್ ಬೇಟೆಗಾರರ ಬಾಣ ಪುಟ್ಟದು, ಅದು ಕೊಲ್ಲುವುದು ತುದಿಗೆ ಸವರಿದ ವಿಷದಿಂದ, ಒಂದು ಜಾತಿಯ ಜೀರುಂಡೆಯ ಮರಿಹುಳದಿಂದ ತೆಗೆದ ವಿಷ. ದೊಡ್ಡ ಪ್ರಾಣಿ ಬೀಳಲು ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನಕ್ಕೂ ಮಿಕ್ಕಿ ಬೇಕು. ಹಾಗಾಗಿ ಅವರಿಗೆ ಬಿಲ್ಲಿಗಿಂತ ಜಾಡೇ ಮುಖ್ಯ. ಲೀಬೆನ್‌ಬರ್ಗ್ ವಾದ ಏನೆಂದರೆ, ಜಾಡು ಹಿಡಿಯುವುದು ಬರೀ ಗುರುತು ನೋಡುವುದಲ್ಲ. ಗುರುತು ಇಲ್ಲದ ಕಡೆ ಪ್ರಾಣಿ ಏನು ಮಾಡಿರಬಹುದು ಅಂತ ಊಹೆ ಕಟ್ಟಿ, ಮುಂದೆ ಹೋಗಿ ಆ ಊಹೆಯನ್ನು ಪರೀಕ್ಷಿಸಿ, ತಪ್ಪಾದರೆ ಬಿಟ್ಟು ಹೊಸದು ಕಟ್ಟುವುದು. ವಿಜ್ಞಾನ ಹುಟ್ಟಿದ್ದು ಇಲ್ಲೇ ಇರಬಹುದು ಅಂತಾರೆ ಅವರು. ಆಮೇಲೆ ಓದು ಬರಹ ಬಾರದ ಜಾಡುಗಾರರೂ ತಾವು ಕಂಡದ್ದನ್ನು ದಾಖಲಿಸಲಿ ಅಂತ ಚಿತ್ರಗಳನ್ನು ಒತ್ತಿದರೆ ಸಾಕು ಅನ್ನುವಂಥ ಸೈಬರ್‌ಟ್ರ್ಯಾಕರ್ ಸಾಫ್ಟ್‌ವೇರ್ ಮಾಡಿದರು. ಯೂಸರ್ ಇಂಟರ್‌ಫೇಸ್ ಬಗ್ಗೆ ಪ್ರೆಸೆಂಟೇಷನ್ ಕೊಡುವವರು ದಯವಿಟ್ಟು ಒಮ್ಮೆ ಅದನ್ನ ನೋಡಿ.

ನಾವು ಏನು ಮಾಡಿದ್ದೇವೆ? 1972ರಲ್ಲಿ ಅಮೆರಿಕ ಬಿಲ್ಲುಬಾಣಗಳ ಮೇಲೆ ತೆರಿಗೆ ಹಾಕಿ ಆ ದುಡ್ಡನ್ನು ವನ್ಯಜೀವಿಗಳಿಗೆ ಖರ್ಚು ಮಾಡುವ ಕಾನೂನು ಮಾಡಿತು. ಅದೇ 1972ರಲ್ಲಿ ನಾವು ವನ್ಯಜೀವಿ ಸಂರಕ್ಷಣಾ ಕಾಯ್ದೆ ತಂದೆವು. ಆ ಕಾಯ್ದೆ ಬೇಕಿತ್ತು, ಅದಿಲ್ಲದಿದ್ದರೆ ಇವತ್ತು ಬಂಡೀಪುರದಲ್ಲಿ ನೋಡಲು ಏನೂ ಉಳಿದಿರುತ್ತಿರಲಿಲ್ಲ. ಕಾಡನ್ನು ಖಾಲಿ ಮಾಡಿದ್ದು ಮಹಾರಾಜರ, ಸಾಹೇಬರ, ಎಸ್ಟೇಟ್ ಮಾಲೀಕರ ಕೋವಿಗಳು. ಕಾಯ್ದೆ ಬಂದ ಮೇಲೆ ಕಳ್ಳ ಅನ್ನುವ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಮಾತ್ರ ಹಾಡಿಯವರಿಗೆ. ಕಾಡಿನಿಂದ ಹೊರಗೆ ಹಾಕಿದೆವು. ಆಮೇಲೆ ಹುಲಿ ಎಣಿಸಲು, ಕಾಡಾನೆ ಅಟ್ಟಲು, ಉರುಳು ಕೀಳಲು ಅವರಿಲ್ಲದೆ ಆಗುವುದಿಲ್ಲ ಅಂತ ಗೊತ್ತಾಗಿ ದಿನಗೂಲಿಗೋ ಹೊರಗುತ್ತಿಗೆಗೋ ಒಳಗೆ ಕರೆದುಕೊಂಡೆವು. ಅರಣ್ಯ ಹಕ್ಕು ಕಾಯ್ದೆ 2006ರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ, ಅದೇ ವರ್ಷ ಆ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಮೇಲೆ. ಸಫಾರಿ ಫೋಟೋ ಹಾಕುವಾಗ ನಾವು ಕ್ಯಾಮೆರಾ ಮಾಡೆಲ್, ಲೆನ್ಸ್, ಶಟರ್ ಸ್ಪೀಡ್ ಎಲ್ಲಾ ಬರೆಯುತ್ತೇವೆ. ಹೆಜ್ಜೆ ನೋಡಿ ಇಲ್ಲೇ ಇದೆ ಅಂದವರ ಹೆಸರು ಕೇಳಿಕೊಂಡಿರುವುದಿಲ್ಲ.

ಹಳೆಯ ಕಾಲದ ಕನ್ನಡಿಗರು ನಮಗಿಂತ ವಾಸಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆತಕೂರಿನ ಶಾಸನ ಇದೆ, ಹತ್ತನೇ ಶತಮಾನದ್ದು. ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು, ಹೆಸರು ಸಮೇತ. ಟ್ರಾಫಿಕ್ಕಿನಲ್ಲಿ ಅದರ ಮುಂದೆ ದಿನಾ ಹಾದು ಹೋಗುತ್ತೀರಿ, ಒಂದು ದಿನ ಒಳಗೆ ಹೋಗಿ ನೋಡಿ.

ಇದು ನಮ್ಮ ಕಥೆ ಮಾತ್ರ ಅಲ್ಲ. ಅಮೆರಿಕದ ಬಿಲ್ಲುಬೇಟೆಯ ಬುಡದಲ್ಲೂ ಇದೇ ಇದೆ. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ನಂತರ ಬಿಳಿಯ ವಲಸೆಗಾರರು ಯಾಹಿ ಅನ್ನುವ ಬುಡಕಟ್ಟನ್ನು ಬೇಟೆಯಾಡಿ ಮುಗಿಸಿದರು. 1911ರಲ್ಲಿ ಓರೊವಿಲ್ ಊರಿನ ಹತ್ತಿರ ಹಸಿದು ಕಂಗಾಲಾಗಿ ಹೊರಬಂದ ಕೊನೆಯ ಒಬ್ಬನನ್ನು ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಇಟ್ಟುಕೊಂಡರು. ಅವನ ನಿಜವಾದ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಇಶಿ ಅಂತ ಕರೆದರು, ಅವನ ಭಾಷೆಯಲ್ಲಿ ಮನುಷ್ಯ ಅಂತ ಅರ್ಥ. ಅಲ್ಲಿನ ಸರ್ಜನ್ ಸ್ಯಾಕ್ಸ್ಟನ್ ಪೋಪ್ ಇಶಿಯಿಂದ ಬಿಲ್ಲು ಮಾಡುವುದು, ಬಾಣ ಬಿಡುವುದು, ಪ್ರಾಣಿಯ ಹತ್ತಿರ ಸದ್ದಿಲ್ಲದೆ ಹೋಗುವುದು ಎಲ್ಲ ಕಲಿತ. 1916ರಲ್ಲಿ ಇಶಿ ಕ್ಷಯದಿಂದ ಸತ್ತ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಪುಸ್ತಕ ಬರೆದ, ಅದರಿಂದ ಆ ದೇಶದಲ್ಲಿ ಆಧುನಿಕ ಬಿಲ್ಲುಬೇಟೆ ಚಿಗುರಿತು. ಪೋಪ್ ಮತ್ತು ಅವನ ಗೆಳೆಯ ಯಂಗ್ ಹೆಸರಿನಲ್ಲಿ 1961ರಿಂದ ಒಂದು ಕ್ಲಬ್ ಇದೆ, ಯಾರ ಜಿಂಕೆಯ ಕೊಂಬು ಎಷ್ಟು ದೊಡ್ಡದು ಅಂತ ದಾಖಲೆ ಇಡುತ್ತದೆ. ಇಶಿಯ ಮೆದುಳನ್ನು ತೆಗೆದು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದ್ದರು. ಅದನ್ನು ಅವನ ಸಂಬಂಧಿ ಬುಡಕಟ್ಟುಗಳಿಗೆ ಮರಳಿಸಿದ್ದು 2000ದಲ್ಲಿ.

ಹಾಗಾದರೆ ಬೇಟೆ ವಾಪಸ್ ತರಬೇಕಾ ಅಂತ ಕೇಳುವವರು ಕೇಳಿಯೇ ಕೇಳುತ್ತೀರಿ. ಬೇಡ. ನಮ್ಮ ಕಾಡು ಅಷ್ಟು ದೊಡ್ಡದಿಲ್ಲ, ನಮ್ಮ ಜನ ಅಷ್ಟು ಕಡಿಮೆ ಇಲ್ಲ. ನಾನು ಕೇಳುತ್ತಿರುವುದು ಬೇಟೆಯ ಆ ಮುಕ್ಕಾಲು ಪಾಲನ್ನು, ಬಾಣ ಬಿಟ್ಟ ಮೇಲಿನದನ್ನು. ಈ ವಿದ್ಯೆ ಉಳಿದರೆ ಕಳ್ಳಬೇಟೆ ಜಾಸ್ತಿಯಾಗುತ್ತೆ ಅನ್ನುವ ವಾದವನ್ನೂ ಕೇಳಿದ್ದೇನೆ. ಕಳ್ಳಬೇಟೆಯ ಮುಖ್ಯ ಆಯುಧ ಈಗ ಯಾವುದು ಅಂತ ಎಸ್ಟೇಟ್ ಕಡೆಯವರನ್ನು ಕೇಳಿ. ಬೈಕಿನ ಕ್ಲಚ್ ವೈರಿನ ಉರುಳು. ಬೇಲಿಯ ಸಂದಿಯಲ್ಲಿ ಕಟ್ಟಿ ಮನೆಗೆ ಹೋಗುವುದು. ಹಂದಿಗೆ ಇಟ್ಟದ್ದಕ್ಕೆ ಚಿರತೆ ಬೀಳುತ್ತದೆ, ವೈರು ಕಿತ್ತುಕೊಂಡು ಸೊಂಟ ಕೊಯ್ಯಿಸಿಕೊಂಡು ಹೋಗುತ್ತದೆ. ಅದಕ್ಕೆ ಯಾವ ವಿದ್ಯೆಯೂ ಬೇಡ, ಒಂದು ಹೆಜ್ಜೆ ಗುರುತು ಓದುವುದೂ ಬೇಡ, ಕಾಯುವುದು ಬೇಡ, ಹಿಂದೆ ಹೋಗುವುದು ಬೇಡ. ಆ ಉರುಳನ್ನು ಹುಡುಕಿ ತೆಗೆಯುವುದಕ್ಕೆ, ಆ ಚಿರತೆ ಯಾವ ಬಂಡೆಯ ಕೆಳಗೆ ಮಲಗಿದೆ ಅಂತ ಡಾಕ್ಟರಿಗೆ ತೋರಿಸುವುದಕ್ಕೆ ಮಾತ್ರ ಜಾಡು ಗೊತ್ತಿರುವವರು ಬೇಕು. ಅವರಿಗೆ ಕಾಯಂ ಕೆಲಸ, ಸರಿಯಾದ ಸಂಬಳ, ಪಳಗಿದವರು ಅನ್ನುವ ಹುದ್ದೆ ಕೊಡಿ ಅಂತ ಕೇಳುವುದು ನಮಗೆ ಯಾಕೆ ಕಷ್ಟ? ಒಬ್ಬ ಹದಿನೆಂಟರ ಹುಡುಗ ಹಾಡಿ ಬಿಟ್ಟು ಬೆಂಗಳೂರಿಗೆ ಬಂದು ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗಾಡಿ ನಂಬರ್ ಬರೆದುಕೊಳ್ಳುತ್ತಾ ಕೂತರೆ ಅವನ ಅಜ್ಜನಿಗೆ ಗೊತ್ತಿದ್ದದ್ದು ಅಲ್ಲಿಗೆ ಮುಗಿಯಿತು. ಅದು ಯಾವ ಸರ್ವರಿನಲ್ಲೂ ಬ್ಯಾಕಪ್ ಆಗಿಲ್ಲ.

ಅಲ್ಲಿಯವರೆಗೆ, ಮುಂದಿನ ಸಲ ನಿಮ್ಮ ಗಾಡಿಗೆ ಏನಾದರೂ ತಾಗಿ ಎದ್ದು ಓಡಿದರೆ: ಗಾಡಿ ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಹಾಕಿ, ಒಳಗೇ ಕೂತಿರಿ. ಹಿಂದೆ ಓಡಬೇಡಿ. ಮ್ಯಾಪಿನಲ್ಲಿ ಆ ಜಾಗಕ್ಕೆ ಪಿನ್ ಹಾಕಿ, ಪಕ್ಕದ ಕಿಲೋಮೀಟರ್ ಕಲ್ಲು ನೋಡಿಕೊಳ್ಳಿ. ಯಾವ ಪ್ರಾಣಿ, ರಸ್ತೆಯ ಯಾವ ಬದಿಗೆ ಹೋಯಿತು, ಕುಂಟುತ್ತಿತ್ತಾ, 1926ಕ್ಕೆ ಫೋನ್ ಮಾಡಿ ಹೇಳಿ, ಅಥವಾ ಮುಂದಿನ ಅರಣ್ಯ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಹೇಳಿ. ನಿಮ್ಮ ಹೆಸರು ಬರೆದುಕೊಳ್ಳುತ್ತಾರೆ, ಹೇಳಿಕೆ ಕೇಳುತ್ತಾರೆ, ರೆಸಾರ್ಟಿನ ಚೆಕ್‌ಇನ್ ತಡವಾಗುತ್ತದೆ. ಬೆಳಗ್ಗೆ ಒಬ್ಬರು ಆ ಕಲ್ಲಿನ ಹತ್ತಿರ ಬಂದು ನೆಲ ನೋಡುತ್ತಾರೆ. ನೀವು ಇಳಿದು ಅಲ್ಲೆಲ್ಲ ಓಡಾಡಿ ತುಳಿದಿರದಿದ್ದರೆ, ಅವರಿಗೆ ಕೆಲಸ ಸುಲಭ.